ಕ್ಯಾಂಪಿಗೆ ಇಳಿಯುವವರು

ನಾನು ನಾಲ್ಕನೇ ಇಯತ್ತೆಯಲ್ಲಿದ್ದ ವರ್ಷ ಆಯಿ ಶಿರಸಿಯಲ್ಲಿ ನನಗೊಂದು ಸ್ವೆಟರ್ ಕೊಡಿಸಿದಳು. ಕಂದು ಬಣ್ಣದ್ದು, ಎದೆಯ ಮೇಲೆ ಎರಡು ಬಿಳಿ ಪಟ್ಟೆ, ಕುತ್ತಿಗೆಯ ಹತ್ತಿರ ಸದಾ ಚುಚ್ಚುತ್ತಿತ್ತು. ಮಾರಿದವಳು ರಸ್ತೆಬದಿಗೆ ಹಗ್ಗ ಕಟ್ಟಿ, ಸ್ವೆಟರ್ ತೂಗುಹಾಕಿ ಕೂತಿದ್ದ ಟಿಬೆಟನ್ ಹೆಂಗಸು. ಚೌಕಾಸಿ ಮುಗಿದು ದುಡ್ಡು ಕೈಬದಲಾದ ಮೇಲೆ ಆಯಿ ತನ್ನ ಮಾಮೂಲು ಪ್ರಶ್ನೆ ತೆಗೆದಳು.

‘ತಂಗೀ, ನಿಮ್ಮ ಊರು ಯಾವುದು?’

‘ಮುಂಡಗೋಡ.’

‘ಅಲ್ಲಲ್ಲ, ಖರೇ ಊರು?’

‘ಮುಂಡಗೋಡ ಕ್ಯಾಂಪ್ ಅಮ್ಮಾ. ಅಲ್ಲೇ ಹುಟ್ಟಿದ್ದು.’

ವಾಪಸು ಬರುವಾಗ ಬಸ್ಸಿನಲ್ಲಿ ಆಯಿ ಅಪ್ಪಯ್ಯನ ಹತ್ತಿರ ಕೇಳಿದ್ದು ಈಗಲೂ ನೆನಪಿದೆ: ‘ಕ್ಯಾಂಪಲ್ಲಿ ಹುಟ್ಟದು ಹೇಳಿರೆ ಎಂತದು? ಕ್ಯಾಂಪು ಹೇಳಿರೆ ನಾಕು ದಿನದ್ದಲ್ದ?’

ಆಯಿಗೆ ಗೊತ್ತಿದ್ದ ಕ್ಯಾಂಪುಗಳೆಲ್ಲ ಹಾಗೇ ಇದ್ದವು. ಕಣ್ಣಿನ ಕ್ಯಾಂಪು, ಕಾಲೇಜು ಹುಡುಗರ ಎನ್‌ಎಸ್‌ಎಸ್ ಕ್ಯಾಂಪು, ದನದ ಚುಚ್ಚುಮದ್ದಿನ ಕ್ಯಾಂಪು. ಶಾಲೆಯ ಜಗಲಿಯಲ್ಲಿ ಬೆಂಚು ಹಾಕುತ್ತಾರೆ, ಸಂಜೆಗೆ ತೆಗೆಯುತ್ತಾರೆ. ಒಂದು ಹೆಂಗಸು ಕ್ಯಾಂಪಿನಲ್ಲಿ ಹುಟ್ಟಿ, ಬೆಳೆದು, ಶಿರಸಿಗೆ ಬಂದು ಕನ್ನಡದಲ್ಲಿ ಚೌಕಾಸಿ ಮಾಡುವಷ್ಟು ದೊಡ್ಡವಳಾದರೂ ಅದು ಕ್ಯಾಂಪೇ ಆಗಿರುವುದು ಹೇಗೆ? ಅಪ್ಪಯ್ಯನ ಹತ್ತಿರ ಉತ್ತರ ಇರಲಿಲ್ಲ. ಸ್ವೆಟರು ಲುಧಿಯಾನದಲ್ಲಿ ತಯಾರಾಗಿ ಬಂದದ್ದು, ಟಿಬೆಟಿಗೂ ಅದಕ್ಕೂ ಸಂಬಂಧವಿಲ್ಲ ಎಂಬುದು ನನಗೆ ತಿಳಿದದ್ದೂ ಬಹಳ ವರ್ಷಗಳ ಮೇಲೆ. ಅಷ್ಟರವರೆಗೆ ನಮ್ಮ ಮನೆಯಲ್ಲಿ ಅದು ‘ಟಿಬೆಟಿನ ಸ್ವೆಟರ್’. ಹೆಸರು ಒಮ್ಮೆ ಅಂಟಿದರೆ ಬಿಡಿಸುವುದು ಕಷ್ಟ.

ನಮ್ಮೂರು ನಂದೊಳ್ಳಿಯಿಂದ ಯಲ್ಲಾಪುರಕ್ಕೆ ಹೋಗಿ ಅಲ್ಲಿಂದ ಬಸ್ಸು ಹಿಡಿದರೆ ಮುಂಡಗೋಡ ದೂರವೇನಲ್ಲ. ಅಡಿಕೆ ತೋಟ ಹಿಂದೆ ಬಿದ್ದು, ಸಾಗುವಾನಿ ಕಾಡು ದಾಟಿ, ಬಯಲುಸೀಮೆಯ ಮೊದಲ ಗಾಳಿ ಬೀಸುವಲ್ಲಿ ಗೋವಿನಜೋಳದ ಹೊಲಗಳ ನಡುವೆ ಹಳದಿ ಚಾವಣಿಯ ಮಠಗಳು ಕಾಣುತ್ತವೆ. 1966ರಲ್ಲಿ ಅಂದಿನ ಮೈಸೂರು ರಾಜ್ಯ ಸರಕಾರ ಸುಮಾರು 4 ಸಾವಿರ ಎಕರೆ ಕಾಡುಭೂಮಿಯನ್ನು ಟಿಬೆಟನ್ನರ ವಸತಿಗೆಂದು ಬಿಟ್ಟುಕೊಟ್ಟ ಜಾಗ ಇದು. ಆಗ ಮುಖ್ಯಮಂತ್ರಿ ಎಸ್. ನಿಜಲಿಂಗಪ್ಪ, ಟಿಬೆಟನ್ನರು ಇಂದಿಗೂ ಅವರ ಹೆಸರನ್ನು ಕೃತಜ್ಞತೆಯಿಂದ ನೆನೆಯುತ್ತಾರೆ. ಟಿಬೆಟನ್ನರು ಈ ಜಾಗಕ್ಕೆ ಇಟ್ಟ ಹೆಸರು ದೋಗುಲಿಂಗ್. ಬೈಲುಕುಪ್ಪೆ ಅದಕ್ಕೂ ಮೊದಲು, 1960ರಲ್ಲೇ ಶುರುವಾಗಿತ್ತು. ಆಮೇಲೆ ಹುಣಸೂರು, ಕೊಳ್ಳೇಗಾಲ ಬಂದವು.

ಮುಂಡಗೋಡಕ್ಕೆ ಬಂದ ಸನ್ಯಾಸಿಗಳಲ್ಲಿ ಬಹಳಷ್ಟು ಮಂದಿ ಬಂಗಾಳದ ಬಕ್ಸಾದಿಂದ ಬಂದವರು. ಬಕ್ಸಾ ಎಂದರೆ ಬ್ರಿಟಿಷರು ಸ್ವಾತಂತ್ರ್ಯ ಹೋರಾಟಗಾರರನ್ನು ಕೂಡಿಹಾಕುತ್ತಿದ್ದ ಕೋಟೆ. ಹಿಮಾಲಯದ ತಂಪಿನಿಂದ ಇಳಿದ ಸನ್ಯಾಸಿಗಳಲ್ಲಿ ಎಷ್ಟೋ ಮಂದಿ ಆ ಒದ್ದೆ ಸೆಕೆಯಲ್ಲಿ ಕ್ಷಯ ಹಿಡಿದು ಸತ್ತರು. ಉಳಿದವರು ಇಲ್ಲಿಗೆ ಬಂದು, ಲ್ಹಾಸಾದ ಹತ್ತಿರ ಬಿಟ್ಟುಬಂದ ಗಾಂದೆನ್ ಮತ್ತು ಡ್ರೆಪುಂಗ್ ಎಂಬ ಎರಡು ಮಹಾಮಠಗಳನ್ನು ಅವೇ ಹೆಸರಿನಲ್ಲಿ ಮತ್ತೆ ಕಟ್ಟಿದರು. ಇಂದು ಸಾವಿರಾರು ಮಂದಿ ಅಲ್ಲಿ ತರ್ಕಶಾಸ್ತ್ರ ಓದುತ್ತಾರೆ. ಸಂಜೆ ಅಂಗಳದಲ್ಲಿ ಒಬ್ಬ ಕೂತು, ಇನ್ನೊಬ್ಬ ನಿಂತು ಚಪ್ಪಾಳೆ ತಟ್ಟಿ ಪ್ರಶ್ನೆ ಎಸೆಯುವ ವಾದ ನೋಡಲು ನಮ್ಮ ಕಡೆಯವರೂ ಹೋಗುತ್ತಾರೆ.

ಇಂಥ ವಿದ್ಯಾಪೀಠಕ್ಕೆ ಕಾಗದ ಬರೆಯಬೇಕಾದರೆ ವಿಳಾಸ ಏನು ಗೊತ್ತೇ? ‘ಲಾಮಾ ಕ್ಯಾಂಪ್ ನಂ. 1, ಟಿಬೆಟನ್ ಕಾಲೊನಿ, ಮುಂಡಗೋಡ.’ ಡ್ರೆಪುಂಗ್ ಆದರೆ ‘ಲಾಮಾ ಕ್ಯಾಂಪ್ ನಂ. 2’. ಉಳಿದ ಊರುಗಳಿಗೂ ಹೀಗೇ ನಂಬರು. ದಾಖಲೆಗಳಲ್ಲಿ, ಅಂಚೆಯಲ್ಲಿ, ಬಸ್ಸಿನಲ್ಲಿ ಅದು ಕ್ಯಾಂಪು. ಅಂಚೆ ಇಲಾಖೆ ಪಿನ್‌ಕೋಡ್ ಕೊಟ್ಟು ಖಾಯಂ ಮಾಡಿದ ಜಾಗಕ್ಕೆ ಭಾಷೆ ಮಾತ್ರ ಇನ್ನೂ ಡೇರೆ ಹೊಡೆದು ಕೂತಿದೆ.

ನಿರಾಶ್ರಿತರ ಬಗ್ಗೆ ಸರಕಾರಗಳು ಮಾಡುವ ನೀತಿ ಮೊದಲು ಹುಟ್ಟುವುದು ಇಂಥ ಕಡೆ, ವಿಳಾಸದಲ್ಲಿ, ಅರ್ಜಿಯ ಕಾಲಮ್ಮಿನಲ್ಲಿ, ಗುಮಾಸ್ತನ ಪೆನ್ನಿನಲ್ಲಿ. ಕಾಯ್ದೆ ಆಮೇಲೆ ಬರುತ್ತದೆ. ಮನುಷ್ಯನನ್ನು ಯಾವ ಹೆಸರಿನಿಂದ ಬರೆದುಕೊಂಡರೋ ಆ ಹೆಸರಿಗೆ ಎಷ್ಟು ಬಾಗಿಲು ತೆರೆಯುತ್ತದೋ ಅಷ್ಟೇ ಅವನ ಪಾಲು. ಇದಕ್ಕೆ ಸಾಕ್ಷಿ ಹುಡುಕಲು ಜಿನೀವಾಕ್ಕೆ ಹೋಗಬೇಕಾಗಿಲ್ಲ, ಉತ್ತರ ಕನ್ನಡ ಜಿಲ್ಲೆಯೊಂದೇ ಸಾಕು.

ಮೊದಲು ‘ನಿರಾಶ್ರಿತ’ ಎಂಬ ನಮ್ಮ ಶಬ್ದವನ್ನೇ ನೋಡಿ. ಆಶ್ರಯ ಇಲ್ಲದವನು. ಅವನಲ್ಲಿ ಏನು ಇದೆ ಎಂದು ಈ ಶಬ್ದ ಹೇಳುವುದಿಲ್ಲ, ಏನು ಇಲ್ಲ ಎಂದು ಹೇಳುತ್ತದೆ. ಹಿಂದಿಯವರು ‘ಶರಣಾರ್ಥಿ’ ಎನ್ನುತ್ತಾರೆ. ಅವನು ಏನು ಬೇಡಿ ಬಂದಿದ್ದಾನೆ ಎಂಬುದು ಅದರಲ್ಲಿದೆ. ಆದರೆ ಧಾರವಾಡದ ಕಡೆಯ ಕಿವಿಗೆ ಅದು ಬೀಗರು ಎದುರಾದಾಗ ಹೇಳುವ ‘ಶರಣು ಶರಣಾರ್ಥಿ’. ಹೀಗಾಗಿ ಆ ಶಬ್ದವನ್ನು ಎರವಲು ತರುವಂತೆಯೂ ಇಲ್ಲ. ಇನ್ನು ‘ಆಶ್ರಯ’ ಎಂದರೆ ಕರ್ನಾಟಕದ ಹಳ್ಳಿಗಳಲ್ಲಿ ಈಗ ಪಂಚಾಯ್ತಿಯ ಪಟ್ಟಿಯಲ್ಲಿ ಹೆಸರು ಬಂದರೆ ಸಿಗುವ ಮನೆ. ‘ಅವನಿಗೆ ಆಶ್ರಯ ಆಗಿದೆ’ ಎಂದರೆ ಮನೆ ಮಂಜೂರಾಗಿದೆ ಎಂದೇ ಅರ್ಥ.

ಇನ್ನೂ ಒಂದು ವಿಚಿತ್ರ ಇದೆ. 1975ರಲ್ಲಿ ಕರ್ನಾಟಕ ಭಿಕ್ಷಾಟನೆ ನಿಷೇಧ ಕಾಯ್ದೆ ತಂದಿತು. ಅದರ ಅಡಿಯಲ್ಲಿ ಬೀದಿಯಿಂದ ಹಿಡಿದು ತಂದ ಭಿಕ್ಷುಕರನ್ನು ಇಡುವ ಜಾಗಕ್ಕೆ ಸರಕಾರಿ ಕನ್ನಡದಲ್ಲಿ ‘ನಿರಾಶ್ರಿತರ ಪರಿಹಾರ ಕೇಂದ್ರ’ ಎಂದು ಹೆಸರು. ಬೋರ್ಡು ಓದಿದ ಟಿಬೆಟನ್ ಹುಡುಗನೊಬ್ಬ ಇದು ತನ್ನವರ ಕಚೇರಿ ಎಂದು ಒಳಗೆ ಹೋದರೆ ತಪ್ಪು ಅವನದಲ್ಲ. ನಮ್ಮ ಜಿಲ್ಲೆಯಲ್ಲಂತೂ ಈ ಶಬ್ದ ಹೆಚ್ಚಾಗಿ ಬಳಕೆಯಾದದ್ದು ಗಡಿ ದಾಟಿ ಬಂದವರಿಗಲ್ಲ. ಅಣುಸ್ಥಾವರದ ಕೈಗಾ ನಿರಾಶ್ರಿತರು, ನೌಕಾನೆಲೆಯ ಸೀಬರ್ಡ್ ನಿರಾಶ್ರಿತರು, ಅಣೆಕಟ್ಟಿನ ಮುಳುಗಡೆ ನಿರಾಶ್ರಿತರು: ಎಲ್ಲರೂ ಈ ದೇಶದ ಪ್ರಜೆಗಳು, ಮತ ಹಾಕುವವರು. ಹುಟ್ಟಿದ ತಾಲ್ಲೂಕಿನಲ್ಲೇ ಇದ್ದು ನಿರಾಶ್ರಿತರಾದವರು.

ಕಾಳಿ ನದಿಗೆ ಸೂಪಾದಲ್ಲಿ ಅಣೆಕಟ್ಟು ಕಟ್ಟಿದರು. ಮುಳುಗಿದ ಊರುಗಳ ಜನರನ್ನು ರಾಮನಗರದಲ್ಲಿ ಕೂರಿಸಿದರು. ಆಮೇಲೆ ಕೊಡಸಳ್ಳಿ, ಕದ್ರಾ. ನಮ್ಮ ಸಾತೊಡ್ಡಿ ಜಲಪಾತಕ್ಕೆ ಬರುವ ಪ್ರವಾಸಿಗರು ನೀರು ಬೀಳುವುದನ್ನು ನೋಡಿ ಫೋಟೊ ತೆಗೆದು ಹೋಗುತ್ತಾರೆ. ಆ ನೀರು ಮುಂದೆ ಸೇರುವುದು ಕೊಡಸಳ್ಳಿಯ ಹಿನ್ನೀರಿಗೆ. ಅದರ ಅಡಿಯಲ್ಲಿ ತೋಟ, ಗದ್ದೆ, ದೇವರ ಕಟ್ಟೆ ಎಲ್ಲ ಇತ್ತು. ಆ ಕಡೆಯ ಒಬ್ಬ ಹಿರಿಯರು ಒಮ್ಮೆ ಮದುವೆ ಮನೆಯ ಪಂಕ್ತಿಯಲ್ಲಿ ನನ್ನ ಪಕ್ಕ ಕೂತಿದ್ದರು. ಬಡಿಸುವ ಹುಡುಗನೊಬ್ಬ ಅವರ ಗುರುತು ಹೇಳುವಾಗ ‘ಮುಳುಗಡೆ ನಿರಾಶ್ರಿತರು’ ಎಂದ. ಅವರು ಸಾರಿಗೆ ಕೈ ಹಾಕಿದವರು ತಲೆಯೆತ್ತಿ, ‘ತಮಾ, ಮುಳುಗಿದ್ದು ತೋಟ. ಆನಲ್ಲ’ ಎಂದರು. ಮತ್ತೆ ಊಟ ಮುಂದುವರಿಸಿದರು. ಈಚೆಗೆ ಪತ್ರಿಕೆಗಳು ‘ಸಂತ್ರಸ್ತ’ ಎಂದು ಬರೆಯುತ್ತವೆ. ಸಾಗರದ ಕಡೆ ಶರಾವತಿ ಮುಳುಗಡೆ ಸಂತ್ರಸ್ತರು ಎಂಬ ಮಾತು ಈಗ ಗಟ್ಟಿಯಾಗಿ ನಿಂತಿದೆ. ಸಂತ್ರಸ್ತ ಎಂದರೆ ಯಾರೋ ತೊಂದರೆ ಕೊಟ್ಟಿದ್ದಾರೆ ಎಂದಾಯಿತು, ಕೊಟ್ಟವರು ಪರಿಹಾರ ಕೊಡಬೇಕು ಎಂದಾಯಿತು. ನಿರಾಶ್ರಿತನಿಗೆ ದಯೆ ತೋರಿಸಬಹುದು. ಸಂತ್ರಸ್ತನಿಗೆ ಲೆಕ್ಕ ಒಪ್ಪಿಸಬೇಕು. ಶಬ್ದ ಬದಲಾಯಿಸಿದವರು ಯಾರೋ ಬುದ್ಧಿವಂತರು.

ಹೊರದೇಶದ ಸುದ್ದಿ ಬರೆಯುವಾಗ ನಮ್ಮ ಪತ್ರಿಕೆಗಳೂ ‘ನಿರಾಶ್ರಿತರ ಮಹಾಪೂರ’, ‘ವಲಸಿಗರ ಪ್ರವಾಹ’ ಎಂದು ಶೀರ್ಷಿಕೆ ಕೊಡುತ್ತವೆ. ಮಹಾಪೂರಕ್ಕೆ ಏನು ಮಾಡುತ್ತಾರೆ? ಒಡ್ಡು ಕಟ್ಟುತ್ತಾರೆ, ಬಾಗಿಲು ಹಾಕುತ್ತಾರೆ. ಅದರ ಜೊತೆ ಯಾರೂ ಮಾತಾಡುವುದಿಲ್ಲ. 2015ರಲ್ಲಿ ಮೆಡಿಟರೇನಿಯನ್ ಸಮುದ್ರ ದಾಟಿ ಯುರೋಪಿಗೆ ಜನ ಬಂದಾಗ ಇದೇ ಜಗಳ ಅಲ್ಲೂ ಎದ್ದಿತು. ಅವರನ್ನು ಬರೀ ವಲಸಿಗರು ಎನ್ನುವುದನ್ನು ಬಿಡುತ್ತೇವೆ ಎಂದು ಅಲ್ ಜಜೀರಾ ಸುದ್ದಿಸಂಸ್ಥೆ ಆ ಆಗಸ್ಟಿನಲ್ಲಿ ಘೋಷಿಸಿತು. ಜರ್ಮನಿಯಲ್ಲಿ ‘ನಿರಾಶ್ರಿತರು’ ಎಂಬುದೇ ಆ ವರ್ಷದ ಶಬ್ದವಾಗಿ ಆಯ್ಕೆಯಾಯಿತು. ನನಗೆ ತಮಾಷೆ ಎನಿಸುವುದು ಬೇರೆ ವಿಷಯ. ಪತ್ರಿಕೆಗಳಲ್ಲಿ ನಿರಾಶ್ರಿತರು ನೀರಾಗಿ ಬರುತ್ತಾರೆ. ಕಾಳಿ ಕಣಿವೆಯಲ್ಲಿ ನಿಜವಾದ ನೀರು ಬಂದು ಜನ ನಿರಾಶ್ರಿತರಾದರು. ಅದಕ್ಕೆ ಮಾತ್ರ ಪ್ರವಾಹ ಎಂಬ ಹೆಸರು ಇರಲಿಲ್ಲ, ಯೋಜನೆ ಎಂದಿದ್ದರು.

ಟಿಬೆಟನ್ನರ ಕಡೆ ಬರೋಣ. 1959ರ ಮಾರ್ಚ್ 31ರಂದು ದಲೈ ಲಾಮಾ ಗಡಿ ದಾಟಿ ಭಾರತಕ್ಕೆ ಬಂದರು. ಅವರಿಗೆ ಆಶ್ರಯ ಕೊಟ್ಟಿರುವುದಾಗಿ ನೆಹರೂ ಏಪ್ರಿಲ್ 3ರಂದು ಲೋಕಸಭೆಗೆ ತಿಳಿಸಿದರು. ಚೀನಾ ಕಣ್ಣಿಟ್ಟು ನೋಡುತ್ತಿದ್ದ ಕಾಲ ಅದು. ಪ್ರತಿ ಶಬ್ದವನ್ನೂ ತೂಗಿ ಆಡಬೇಕಿತ್ತು. ದಿಲ್ಲಿಗೆ ಹಿಡಿಸಿದ ಶಬ್ದ ‘ಅತಿಥಿ’. ಗೌರವಾನ್ವಿತ ಅತಿಥಿ, ಧರ್ಮಗುರು. ಭಾರತ ಸರಕಾರದ ಅತಿ ದೀರ್ಘಕಾಲದ ಅತಿಥಿ ತಾನು ಎಂದು ದಲೈ ಲಾಮಾ ಸ್ವತಃ ನಗುತ್ತ ಹೇಳುವುದುಂಟು.

ಅತಿಥಿ ಎಂಬ ಮಾತಿನ ಬಿಸಿ ನಮ್ಮ ಕಡೆಯವರಿಗೆ ಗೊತ್ತು. ಮನೆಗೆ ಯಾರೇ ಬರಲಿ, ಕೈಕಾಲು ತೊಳೆಯಲು ನೀರು, ‘ಆಸರಿಗೆ ಎಂತ ಬೇಕು’ ಎಂಬ ಪ್ರಶ್ನೆ, ಬೆಲ್ಲವೋ ಕಷಾಯವೋ ಮಜ್ಜಿಗೆಯೋ. ಯಾವ ಊರು, ಯಾವ ಕೆಲಸ ಎಂಬುದೆಲ್ಲ ಲೋಟ ಖಾಲಿಯಾದ ಮೇಲೆ. ಆದರೆ ಅತಿಥಿ ಎಷ್ಟು ದಿನ ಇದ್ದರೂ ತೋಟದ ಪಹಣಿಯಲ್ಲಿ ಅವನ ಹೆಸರು ಬರುವುದಿಲ್ಲ. ಅವನಿಗೆ ಎಲೆಯ ತುದಿಯ ಮರ್ಯಾದೆ ಉಂಟು, ಹಕ್ಕಿಲ್ಲ. ಟಿಬೆಟನ್ನರಿಗೆ ಆದದ್ದು ಇದೇ.

ಏಕೆಂದರೆ ಕಾನೂನಿನ ಪುಸ್ತಕದಲ್ಲಿ ಅತಿಥಿ ಎಂಬ ಶಬ್ದ ಇಲ್ಲ. ನಿರಾಶ್ರಿತ ಎಂದರೆ ಯಾರು ಎಂದು ಹೇಳುವ ಕಾಯ್ದೆಯೂ ಭಾರತದಲ್ಲಿ ಇಲ್ಲ. ನಿರಾಶ್ರಿತರ ಕುರಿತ 1951ರ ವಿಶ್ವಸಂಸ್ಥೆಯ ಒಪ್ಪಂದಕ್ಕೆ ನಾವು ಸಹಿ ಹಾಕಿಲ್ಲ. ದೇಶವಿಭಜನೆಯಲ್ಲಿ ಮನೆ ಕಳೆದುಕೊಂಡು ಬಂದ ಲಕ್ಷಾಂತರ ಜನರನ್ನು ಜನ ನಿರಾಶ್ರಿತರೆಂದೇ ಕರೆದರೂ, 1954ರ ಪರಿಹಾರ ಕಾಯ್ದೆ ಅವರನ್ನು ‘ಸ್ಥಳಾಂತರಗೊಂಡವರು’ ಎಂದು ಬರೆಯಿತು. ಅವರು ನಮ್ಮವರೇ, ಜಾಗ ಮಾತ್ರ ಬದಲಾಗಿದೆ ಎಂಬ ಭಾವ ಅದರಲ್ಲಿತ್ತು. ಐದೇ ವರ್ಷದ ನಂತರ ಬಂದ ಟಿಬೆಟನ್ನರು ಕಾನೂನಿಗೆ ‘ವಿದೇಶಿಗರು’ ಆದರು. 1946ರ ವಿದೇಶಿಯರ ಕಾಯ್ದೆಯ ಪ್ರಕಾರ ಪ್ರಜೆಯಲ್ಲದವರೆಲ್ಲ ಒಂದೇ ಪೆಟ್ಟಿಗೆ: ಗೋಕರ್ಣಕ್ಕೆ ಬರುವ ಫ್ರಾನ್ಸಿನ ಪ್ರವಾಸಿ, ಹುಬ್ಬಳ್ಳಿಗೆ ಬರುವ ವ್ಯಾಪಾರಿ, ಜೀವ ಉಳಿಸಿಕೊಂಡು ಬಂದ ಸನ್ಯಾಸಿ. 2025ರ ಸೆಪ್ಟೆಂಬರ್ 1ರಿಂದ ಹಳೆಯ ಕಾಯ್ದೆಗಳನ್ನೆಲ್ಲ ಸೇರಿಸಿ ಹೊಸ ವಲಸೆ ಮತ್ತು ವಿದೇಶಿಯರ ಕಾಯ್ದೆ ಜಾರಿಗೆ ಬಂದಿದೆ. ಪೆಟ್ಟಿಗೆ ಹೊಸದು, ಅಷ್ಟೇ.

ಹೀಗಾಗಿ ಮುಂಡಗೋಡದ ಟಿಬೆಟನ್ನರ ಬದುಕು ಒಂದು ಪುಸ್ತಕದ ಮೇಲೆ ನಿಂತಿದೆ. ಆರ್‌ಸಿ ಎನ್ನುತ್ತಾರೆ, ನೋಂದಣಿ ಪತ್ರ. ನಮಗೆ ಆರ್‌ಸಿ ಎಂದರೆ ಬೈಕಿನದು, ಅವರಿಗೆ ಮೈಯದು. ಅವಧಿ ಮುಗಿದಾಗಲೆಲ್ಲ ನವೀಕರಣ. ವಿದೇಶಕ್ಕೆ ಹೋಗಬೇಕಾದರೆ ಪಾಸ್‌ಪೋರ್ಟಿನ ಬದಲು ಹಳದಿ ಹೊದಿಕೆಯ ಇನ್ನೊಂದು ಗುರುತಿನ ಪುಸ್ತಕ. ವಿಮಾನ ನಿಲ್ದಾಣಗಳಲ್ಲಿ ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡುವ ಅಧಿಕಾರಿಗಳ ಕಥೆ ಕ್ಯಾಂಪಿನಲ್ಲಿ ಯಾರನ್ನು ಕೇಳಿದರೂ ಸಿಗುತ್ತದೆ.

ಈ ನಡುವೆ ಒಂದು ದೊಡ್ಡ ತಿರುವು ಬಂದದ್ದು ಮುಂಡಗೋಡದಿಂದಲೇ. ನಮ್ಮ ಪೌರತ್ವ ಕಾಯ್ದೆ ಹೇಳುವ ಪ್ರಕಾರ 1950ರ ಜನವರಿ 26ರಿಂದ 1987ರ ಜುಲೈ 1ರ ಒಳಗೆ ಭಾರತದ ನೆಲದಲ್ಲಿ ಹುಟ್ಟಿದವರು, ಅಪ್ಪ ಅಮ್ಮ ಯಾರೇ ಇರಲಿ, ಹುಟ್ಟಿನಿಂದಲೇ ಪ್ರಜೆಗಳು. ಡ್ರೆಪುಂಗ್ ಮಠದಲ್ಲಿ ಓದಿದ ಲಿಂಗ್ ರಿಂಪೋಚೆ 1985ರಲ್ಲಿ ಹಿಮಾಚಲದಲ್ಲಿ ಹುಟ್ಟಿದವರು. ಅವರು ಕರ್ನಾಟಕ ಹೈಕೋರ್ಟಿಗೆ ಹೋದರು. 2013ರಲ್ಲಿ ಹೈಕೋರ್ಟ್ ಅವರ ಪರ ತೀರ್ಪು ಕೊಟ್ಟಿತು. ಮರುವರ್ಷ ಚುನಾವಣಾ ಆಯೋಗ ಇಂಥವರನ್ನು ಮತದಾರರ ಪಟ್ಟಿಗೆ ಸೇರಿಸಿ ಎಂದು ರಾಜ್ಯಗಳಿಗೆ ಹೇಳಿತು. 2016ರಲ್ಲಿ ದಿಲ್ಲಿ ಹೈಕೋರ್ಟೂ ಅದನ್ನೇ ಹೇಳಿತು, ಪಾಸ್‌ಪೋರ್ಟ್ ಕೊಡಿ ಎಂದಿತು.

ಕಾನೂನು ಬದಲಾಗಿರಲಿಲ್ಲ ಎಂಬುದನ್ನು ಗಮನಿಸಿ. ಅಷ್ಟೂ ವರ್ಷ ಅದು ಹಾಗೇ ಇತ್ತು. ‘ಟಿಬೆಟನ್ ನಿರಾಶ್ರಿತ’ ಎಂದು ಬರೆದ ಪುಸ್ತಕ ಕೈಯಲ್ಲಿದ್ದವನನ್ನು ಪ್ರಜೆ ಎಂದು ಯೋಚಿಸಲು ಯಾವ ಕಚೇರಿಗೂ ಹೊಳೆದಿರಲಿಲ್ಲ, ಹೊಳೆದರೂ ಬೇಡವಾಗಿತ್ತು.

ಪಾಸ್‌ಪೋರ್ಟ್ ಬಾಗಿಲು ತೆರೆಯಿತು, ಆದರೆ ಹೊಸ್ತಿಲ ಮೇಲೆ ಷರತ್ತು ಕೂತಿತ್ತು. 2017ರ ಜೂನ್‌ನಲ್ಲಿ ವಿದೇಶಾಂಗ ಸಚಿವಾಲಯದ ಸೂಚನೆ ಬಂತು: ಆರ್‌ಸಿ ಮತ್ತು ಹಳದಿ ಪುಸ್ತಕ ಒಪ್ಪಿಸಬೇಕು, ಟಿಬೆಟನ್ ವಸತಿಯಲ್ಲಿ ಇರಬಾರದು, ಟಿಬೆಟನ್ ಆಡಳಿತದ ಸವಲತ್ತು, ನಿರಾಶ್ರಿತರೆಂದು ಸಿಗುವ ಸಬ್ಸಿಡಿ ಬಿಡಬೇಕು. ಅಂದರೆ ಪ್ರಜೆ ಆಗು, ಆದರೆ ಮನೆ ಬಿಡು. ಇದು ನನ್ನ ದೃಷ್ಟಿಯಲ್ಲಿ ಎಲ್ಲಕ್ಕಿಂತ ಕ್ರೂರವಾದ ವ್ಯಾಕರಣ. ಹುಟ್ಟಿದ ಮನೆಯಲ್ಲಿ ನಿರಾಶ್ರಿತನೆಂದು ಇರಬಹುದು. ಪ್ರಜೆಯಾದ ಕೂಡಲೇ ಆಶ್ರಯ ಕಳೆದುಕೊಳ್ಳಬೇಕು. ನಿರಾಶ್ರಿತ ಎಂಬ ಶಬ್ದ ಅಕ್ಷರಾರ್ಥದಲ್ಲಿ ನಿಜವಾಗುವುದು ಆಗಲೇ.

ಬಹಳಷ್ಟು ಟಿಬೆಟನ್ನರು ಅರ್ಜಿ ಹಾಕುವುದೇ ಇಲ್ಲ, ಅದಕ್ಕೆ ಈ ಷರತ್ತು ಒಂದೇ ಕಾರಣವಲ್ಲ. ನಿರಾಶ್ರಿತ ಎಂಬ ಹೆಸರು ಅವರಿಗೆ ಒಂದು ಹಕ್ಕುಪತ್ರವೂ ಹೌದು. ನಾವು ಇಲ್ಲಿಗೆ ಸೇರಿದವರಲ್ಲ, ನಮಗೊಂದು ದೇಶ ಇದೆ, ಅದು ಇನ್ನೊಬ್ಬರ ಕೈಯಲ್ಲಿದೆ ಎಂದು ದಿನವೂ ಹೇಳುವ ಹೆಸರು ಅದು. ಮುದುಕರು ಅದನ್ನು ಬಿಡಲು ಒಪ್ಪುವುದಿಲ್ಲ. ಮಗ ಟೊರಾಂಟೊಗೆ ಹೋಗಲು ಅದನ್ನು ಬಿಡಬೇಕೆಂದಾಗ ಮನೆಯಲ್ಲಿ ಮಾತು ನಿಲ್ಲುತ್ತದೆ. ಯಹೂದಿ ಚಿಂತಕಿ ಹನ್ನಾ ಅರೆಂಟ್ 1943ರಲ್ಲಿ, ತಾನೇ ಅಮೆರಿಕಕ್ಕೆ ಓಡಿಬಂದ ಹೊಸತರಲ್ಲಿ, ನಿರಾಶ್ರಿತರು ಎನ್ನಿಸಿಕೊಳ್ಳುವುದು ತಮ್ಮವರಿಗೆ ಎಷ್ಟು ಬೇಡದ ಮಾತು ಎಂದು ಒಂದು ಲೇಖನ ಬರೆದಿದ್ದಳು. ಮುಂಡಗೋಡದ ಅಜ್ಜನಿಗೆ ಅದೇ ಮಾತು ಬೇಕು. ಹೆಸರು ಕೊಡುವವನ ಬಾಯಲ್ಲಿ ಒಂದು ತೂಕ, ಇಟ್ಟುಕೊಳ್ಳುವವನ ಬಾಯಲ್ಲಿ ಇನ್ನೊಂದು.

ಹೊರದೇಶಗಳಿಗೂ ಇದೇ ಪೀಕಲಾಟ. 1990ರಲ್ಲಿ ಅಮೆರಿಕ ಭಾರತ ಮತ್ತು ನೇಪಾಳದಲ್ಲಿದ್ದ ಸಾವಿರ ಟಿಬೆಟನ್ನರಿಗೆ ವೀಸಾ ಕೊಡುವ ಕಾಯ್ದೆ ಮಾಡಿತು. ಅದರಲ್ಲಿ ಅವರನ್ನು ನಿರಾಶ್ರಿತರೆನ್ನದೆ ‘ನೆಲೆ ತಪ್ಪಿದ ಟಿಬೆಟನ್ನರು’ ಎಂದು ಬರೆದು, ವಲಸಿಗರ ಲೆಕ್ಕಕ್ಕೆ ಹಾಕಿದರು. ಪರಿಣಾಮವಾಗಿ ನಿರಾಶ್ರಿತರಿಗೆ ಅಲ್ಲಿನ ಸರಕಾರ ಕೊಡುವ ನೆರವು ಅವರಿಗೆ ಸಿಗಲಿಲ್ಲ. ಊರೂರಿನ ಸ್ವಯಂಸೇವಕರು ಮನೆ, ಕೆಲಸ ಹುಡುಕಿಕೊಡಬೇಕಾಯಿತು. ಕೆನಡಾದಲ್ಲಿ ಇನ್ನೂ ಸ್ವಾರಸ್ಯ. ಭಾರತದಲ್ಲಿ ಹುಟ್ಟಿದ ಟಿಬೆಟನ್ ಒಬ್ಬರು ಅಲ್ಲಿ ಆಶ್ರಯ ಕೇಳಿದ ಪ್ರಕರಣ 2016ರಲ್ಲಿ ಅಲ್ಲಿಯ ಫೆಡರಲ್ ಮೇಲ್ಮನವಿ ನ್ಯಾಯಾಲಯದವರೆಗೆ ಹೋಯಿತು, ಅವರು ಸೋತರು. ಭಾರತದ ಕಾನೂನಿನಂತೆ ನೀವು ಭಾರತದ ಪ್ರಜೆ, ಅದನ್ನು ಪಡೆಯಲು ತಕ್ಕ ಪ್ರಯತ್ನ ಮಾಡಿದ್ದನ್ನು ತೋರಿಸಿ ಎಂಬ ನಿಲುವು ಅಲ್ಲಿಯದು. ಇಲ್ಲಿಯ ಕಚೇರಿಯಲ್ಲಿ ವಿದೇಶಿ, ಅಲ್ಲಿಯ ಕೋರ್ಟಿನಲ್ಲಿ ಭಾರತೀಯ.

2019ರ ಪೌರತ್ವ ತಿದ್ದುಪಡಿ ಕಾಯ್ದೆಯಲ್ಲಿ ಬೌದ್ಧರ ಹೆಸರು ಇದೆ. ಆದರೆ ದೇಶಗಳು ಪಾಕಿಸ್ತಾನ, ಬಾಂಗ್ಲಾದೇಶ, ಅಫ್ಘಾನಿಸ್ತಾನ ಮಾತ್ರ. ಹೀಗಾಗಿ ಹತ್ತಾರು ಸಾವಿರ ಬೌದ್ಧ ನಿರಾಶ್ರಿತರಿರುವ ಕರ್ನಾಟಕದಲ್ಲಿ ಆ ಕಾಯ್ದೆಯ ಪ್ರಯೋಜನ ಮುಂಡಗೋಡಕ್ಕೂ ಬೈಲುಕುಪ್ಪೆಗೂ ಇಲ್ಲ. ಸಿಂಧನೂರಿಗೆ ಇದೆ. ಅಲ್ಲಿಯ ಆರ್‌ಎಚ್ ಕ್ಯಾಂಪುಗಳಲ್ಲಿ ಪೂರ್ವ ಪಾಕಿಸ್ತಾನದಿಂದ ಬಂದ ಬಂಗಾಳಿ ಹಿಂದೂಗಳಿದ್ದಾರೆ. 2024ರಲ್ಲಿ ನಿಯಮಗಳು ಪ್ರಕಟವಾದ ಮೇಲೆ ಅವರಲ್ಲಿ ಕೆಲವರ ಕೈಗೆ ಪೌರತ್ವ ಪತ್ರ ಬಂತು. ಅಂದಹಾಗೆ ರಾಯಚೂರಿನ ಕಡೆ ‘ಕ್ಯಾಂಪ್’ ಎಂದರೆ ಯಾರೂ ಹುಬ್ಬೇರಿಸುವುದಿಲ್ಲ. ತುಂಗಭದ್ರಾ ಕಾಲುವೆ ಬಂದಾಗ ಆ ನೀರಿಗೆ ಆಂಧ್ರದಿಂದ ಬಂದು ಗದ್ದೆ ಮಾಡಿದ ರೈತರ ಊರುಗಳೂ ಕ್ಯಾಂಪುಗಳೇ. ಅಲ್ಲಿ ಕ್ಯಾಂಪಿನವ ಎಂದರೆ ಅನುಕೂಲಸ್ಥ.

ದಕ್ಷಿಣ ಕನ್ನಡದ ಸುಳ್ಯ, ಪುತ್ತೂರಿನ ರಬ್ಬರ್ ತೋಟಗಳಲ್ಲಿ ಇನ್ನೊಂದು ಶಬ್ದದ ಕೆಲಸ ನೋಡಬಹುದು. 1964ರ ಶಾಸ್ತ್ರಿ–ಸಿರಿಮಾವೋ ಒಪ್ಪಂದದಲ್ಲಿ ಸಿಲೋನಿನ ಚಹಾ ತೋಟಗಳ 9,75,000 ತಮಿಳರನ್ನು ಹಂಚಿಕೊಂಡರು: 5,25,000 ಭಾರತಕ್ಕೆ, 3,00,000 ಸಿಲೋನಿಗೆ, ಉಳಿದ 1,50,000 ಮುಂದೆ ನೋಡೋಣ. 1974ರಲ್ಲಿ ಆ ಉಳಿದದ್ದನ್ನೂ ಸಮನಾಗಿ ಹರಿದರು. ಭಾರತದ ಪಾಲಿಗೆ ಬಂದವರನ್ನು ‘ತಾಯ್ನಾಡಿಗೆ ಮರಳಿದವರು’ ಎಂದು ಕರೆಯಲಾಯಿತು. ಅವರಲ್ಲಿ ಹೆಚ್ಚಿನವರು ಈ ತಾಯ್ನಾಡನ್ನು ಕಂಡೇ ಇರಲಿಲ್ಲ. ಆದರೂ ಆ ಸುಳ್ಳು ಹೆಸರು ಅವರನ್ನು ಕಾಪಾಡಿತು. ಮರಳಿದವರಾದ್ದರಿಂದ ಪೌರತ್ವ, ಸರಕಾರಿ ರಬ್ಬರ್ ತೋಟದಲ್ಲಿ ಕೆಲಸ, ಲೈನ್ ಮನೆ. 1983ರ ಗಲಭೆಯ ನಂತರ ಅದೇ ದ್ವೀಪದಿಂದ ಅದೇ ಭಾಷೆ ಆಡುತ್ತ ದೋಣಿಯಲ್ಲಿ ಬಂದವರು ನಿರಾಶ್ರಿತರೆಂದು ತಮಿಳುನಾಡಿನ ಶಿಬಿರಗಳಿಗೆ ಹೋದರು. ಅವರ ಮೊಮ್ಮಕ್ಕಳೂ ಶಿಬಿರದಲ್ಲಿದ್ದಾರೆ.

ಇಷ್ಟೆಲ್ಲ ದೂರ ಹೋಗಿ ಬಂದರೂ ನನ್ನನ್ನು ಹೆಚ್ಚು ಕಾಡುವುದು ನಮ್ಮ ಯಲ್ಲಾಪುರ–ಮುಂಡಗೋಡದ ಕಾಡೇ. ಚಹಾದಂಗಡಿಯಲ್ಲಿ ಒಂದು ಮಾತು ಆಗಾಗ ಕೇಳುತ್ತೇನೆ: ‘ಹೊರಗಿಂದ ಬಂದವರಿಗೆ ನಾಲ್ಕು ಸಾವಿರ ಎಕರೆ, ಇಲ್ಲೇ ಹುಟ್ಟಿದವರಿಗೆ ನೋಟೀಸು.’ ಮಾತಿನಲ್ಲಿ ಉರಿ ಇದೆ, ಉರಿಗೆ ಕಾರಣವೂ ಇದೆ. ಕಾಡಿನಂಚಿನಲ್ಲಿ ಎರಡೆಕರೆ ಮಾಡಿಕೊಂಡವನ ಹೆಸರು ನಮ್ಮ ಜಿಲ್ಲೆಯಲ್ಲಿ ‘ಅತಿಕ್ರಮಣದಾರ’. 1978ರ ಏಪ್ರಿಲ್ 27ಕ್ಕಿಂತ ಮೊದಲು ಮಾಡಿದ್ದರೆ ಸಕ್ರಮ, ಮರುದಿನ ಮಾಡಿದ್ದರೆ ಅಕ್ರಮ. 2006ರ ಅರಣ್ಯ ಹಕ್ಕು ಕಾಯ್ದೆ ಬಂದು ಅದೇ ಮನುಷ್ಯನಿಗೆ ‘ಪಾರಂಪರಿಕ ಅರಣ್ಯವಾಸಿ’ ಎಂಬ ಚಂದದ ಹೆಸರು ಕೊಟ್ಟಿತು. ಆದರೆ ಬುಡಕಟ್ಟಿನವರಲ್ಲದಿದ್ದರೆ ಮೂರು ತಲೆಮಾರು, ಅಂದರೆ 2005ರ ಡಿಸೆಂಬರ್ 13ಕ್ಕಿಂತ ಹಿಂದಿನ 75 ವರ್ಷ ಅಲ್ಲಿದ್ದದ್ದಕ್ಕೆ ಪುರಾವೆ ಬೇಕು. 1930ರಲ್ಲಿ ಕಾಡಿನ ಗುಡಿಸಲಿಗೆ ಯಾರು ರಸೀದಿ ಕೊಟ್ಟಿದ್ದರು? ಅರ್ಜಿ ತಿರಸ್ಕೃತವಾದ ಕೂಡಲೇ ಅರಣ್ಯವಾಸಿ ಮತ್ತೆ ಅತಿಕ್ರಮಣದಾರ.

ಟಿಬೆಟನ್ನರಿಗೆ ಕಾಡು ಸಿಕ್ಕಿದ್ದು ಅವರ ತಪ್ಪಿನಿಂದಲ್ಲ. 1966ರಲ್ಲಿ ರಾಜ್ಯ ಸರಕಾರಕ್ಕೆ ಕಾಡು ಬಿಟ್ಟುಕೊಡುವ ಅಧಿಕಾರ ಇತ್ತು; 1980ರ ಅರಣ್ಯ ಸಂರಕ್ಷಣಾ ಕಾಯ್ದೆ ಬಂದ ಮೇಲೆ ದಿಲ್ಲಿಯ ಒಪ್ಪಿಗೆ ಬೇಕು. ಸಿಕ್ಕಿದ್ದೂ ಒಡೆತನವಲ್ಲ. 2014ರ ಟಿಬೆಟನ್ ಪುನರ್ವಸತಿ ನೀತಿ 20 ವರ್ಷದ ಗುತ್ತಿಗೆಯ ಮಾತಾಡುತ್ತದೆ. ಮಾರುವ ಹಾಗಿಲ್ಲ. ಚಹಾದಂಗಡಿಯಲ್ಲಿ ಇದನ್ನು ಹೇಳಿದರೆ ಯಾರೂ ಕೇಳಿಸಿಕೊಳ್ಳುವುದಿಲ್ಲ. ನಾನೂ ಜೋರಾಗಿ ಹೇಳುವುದಿಲ್ಲ, ಅದಕ್ಕೆ ಬೇರೆ ಕಾರಣ ಇದೆ.

ನಮ್ಮ ಅಡಿಕೆ ತೋಟಕ್ಕೆ ಬೇಕಾದ ಸೊಪ್ಪು, ದರಕು ಬರುವುದು ಎಲ್ಲಿಂದ? ಬೆಟ್ಟದಿಂದ. ಶಿರಸಿ, ಸಿದ್ದಾಪುರ, ಯಲ್ಲಾಪುರದಲ್ಲಿ ಎಕರೆ ತೋಟಕ್ಕೆ ಒಂಬತ್ತು ಎಕರೆಯವರೆಗೆ ಕಾಡನ್ನು ‘ಬೆಟ್ಟ’ ಎಂದು ಬಿಟ್ಟುಕೊಟ್ಟದ್ದು ಬ್ರಿಟಿಷರ ಕಾಲದ ಏರ್ಪಾಡು. ಮರ ಸರಕಾರದ್ದು, ಸೊಪ್ಪು ನಮ್ಮದು. ದಾಖಲೆಯಲ್ಲಿ ಅದಕ್ಕೆ ‘ಸವಲತ್ತು’ ಎನ್ನುತ್ತಾರೆ. ನಾವು ಬೇಲಿ ಹಾಕುತ್ತೇವೆ, ಕಾಯುತ್ತೇವೆ, ಅಣ್ಣ ತಮ್ಮಂದಿರು ಪಾಲಿಗೆ ಜಗಳ ಆಡುತ್ತೇವೆ, ಯಾರೂ ನಮ್ಮನ್ನು ಅತಿಕ್ರಮಣದಾರ ಎಂದಿಲ್ಲ. ಒಂದೇ ಕಾಡು. ನಾನು ಹೋದರೆ ಬೆಟ್ಟ, ಟಿಬೆಟನ್ ಹೋದರೆ ಪುನರ್ವಸತಿ, ಮುಳುಗಡೆಯವನು ಹೋದರೆ ಪರಿಹಾರ, ಎಮ್ಮೆ ಹೊಡೆದುಕೊಂಡು ಗೌಳಿ ಹೋದರೆ ಅತಿಕ್ರಮಣ.

ಸಿದ್ದಿಗಳ ಕಥೆ ಇನ್ನೂ ಹಳೆಯದು. ಆಫ್ರಿಕಾದಿಂದ ಗುಲಾಮರಾಗಿ ತಂದವರು. ಅವರಲ್ಲಿ ಅನೇಕರ ಹಿರಿಯರು ಪೋರ್ಚುಗೀಸರ ಗೋವಾದಿಂದ ತಪ್ಪಿಸಿಕೊಂಡು ಘಟ್ಟ ಹತ್ತಿ ಯಲ್ಲಾಪುರ, ಹಳಿಯಾಳದ ಕಾಡು ಸೇರಿದವರು. ಇಂದಿನ ಭಾಷೆಯಲ್ಲಿ ಅವರಷ್ಟು ಅಪ್ಪಟ ಆಶ್ರಯಾರ್ಥಿಗಳು ಬೇರೆ ಯಾರು? ಅವರಿಗೆ ಯಾವ ಸರಕಾರವೂ ಆಶ್ರಯ ಕೊಡಲಿಲ್ಲ, ಕಾಡು ಕೊಟ್ಟಿತು. ಶತಮಾನಗಳ ಮೇಲೆ, 2003ರಲ್ಲಿ, ಉತ್ತರ ಕನ್ನಡದ ಸಿದ್ದಿಗಳಿಗೆ ಪರಿಶಿಷ್ಟ ಪಂಗಡ ಎಂಬ ಹೆಸರು ಸಿಕ್ಕಿತು. 2020ರಲ್ಲಿ ಯಲ್ಲಾಪುರದ ಶಾಂತಾರಾಮ ಸಿದ್ದಿ ವಿಧಾನ ಪರಿಷತ್ತಿಗೆ ಹೋದರು.

ಗೋವಾದ ದಾರಿಯಲ್ಲಿ ತಿರುಗು ಮುಖವಾಗಿ ಹೋದವರೂ ಇದ್ದಾರೆ. ಶಿರಸಿ ತಾಲ್ಲೂಕಿನ ಸೋಂದೆ ಒಂದು ಕಾಲಕ್ಕೆ ರಾಜಧಾನಿ. 1763ರ ಸುಮಾರಿಗೆ ಹೈದರಾಲಿಯ ಸೈನ್ಯ ಬಂದಾಗ ಸೋಂದೆಯ ಅರಸ ಕುಟುಂಬದೊಂದಿಗೆ ಘಟ್ಟ ಇಳಿದು ಪೋರ್ಚುಗೀಸರ ಆಶ್ರಯಕ್ಕೆ ಹೋದ. ಫೋಂಡಾ, ಕಾಣಕೋಣದಂಥ ಪ್ರದೇಶಗಳು ಪೋರ್ಚುಗೀಸರ ವಶವಾದವು, ಅರಸನಿಗೆ ವರ್ಷಾಶನ ಗೊತ್ತಾಯಿತು. ಅವನ ವಂಶದವರ ಮನೆ ಗೋವಾದ ಬಾಂದೋಡದಲ್ಲಿದೆ, ಅದನ್ನು ಇಂದಿಗೂ ಸೋಂದೆ ಅರಸರ ಅರಮನೆ ಎನ್ನುತ್ತಾರೆ. ಗಡಿ ದಾಟಿ ಓಡಿದವನು ರಾಜನಾದರೆ ಅವನು ಇರುವ ಜಾಗ ಅರಮನೆ. ಸನ್ಯಾಸಿಯಾದರೆ ಕ್ಯಾಂಪ್ ನಂಬರ್ 1.

ಕಳೆದ ಮಾಘದಲ್ಲಿ ಒಂದು ಬೆಳಿಗ್ಗೆ ಯಲ್ಲಾಪುರದಿಂದ ಮುಂಡಗೋಡಕ್ಕೆ ಹೋಗಿ, ಅಲ್ಲಿಂದ ಇನ್ನೊಂದು ಬಸ್ಸು ಹತ್ತಿದೆ. ಟಿಬೆಟನ್ನರ ಹೊಸ ವರ್ಷ ಹತ್ತಿರವಿತ್ತು. ಬಸ್ಸು ತುಂಬಿತ್ತು. ಕಡುಗೆಂಪು ಬಟ್ಟೆಯ ಇಬ್ಬರು ಹುಡುಗ ಸನ್ಯಾಸಿಗಳು ಮುಂದಿನ ಸೀಟಿನಲ್ಲಿ ಕೂತು ಒಂದೇ ಮೊಬೈಲಿನಲ್ಲಿ ಕ್ರಿಕೆಟ್ ನೋಡುತ್ತಿದ್ದರು. ತಿರುವು ಬಂದಾಗ ಕಂಡಕ್ಟರು ಬಾಗಿಲಿಗೆ ಬಡಿದು ಕೂಗಿದ:

‘ಕ್ಯಾಂಪ್ ಯಾರ್ರೀ? ಕ್ಯಾಂಪ್ ಇಳಿಯೋರು ಬೇಗ ಇಳೀರಿ.’

ಏಳೆಂಟು ಹೆಂಗಸರು ಎದ್ದರು. ಕೈಯಲ್ಲಿ ಡಬ್ಬಿ ಚೀಲ, ಸೀರೆಯ ಮೇಲೆ ಗಂಡಸರ ಹಳೇ ಅಂಗಿ. ಸುತ್ತಲ ಹಳ್ಳಿಗಳಿಂದ ಮಠದ ಅಡುಗೆಮನೆಗೆ, ಕಟ್ಟಡದ ಕೆಲಸಕ್ಕೆ, ಜೋಳದ ಹೊಲಕ್ಕೆ ದಿನಗೂಲಿಗೆ ಬರುವವರು. ಅವರಲ್ಲೊಬ್ಬಳು ಇಳಿಯುವ ಮೊದಲು ಹುಡುಗ ಸನ್ಯಾಸಿಗಳ ಭುಜ ತಟ್ಟಿ, ‘ಏಳ್ರೋ, ನಿಮ್ಮೂರು ಬಂತು’ ಎಂದಳು. ಹುಡುಗರು ಮೊಬೈಲಿನಿಂದ ತಲೆಯೆತ್ತದೆ ಅವಳ ಹಿಂದೆ ಇಳಿದರು.